ಷರಾ

ಮೂವತ್ತೊಂದು ವರ್ಷ ಉದ್ಯಮಬಾಗದ ಫೌಂಡ್ರಿಯಲ್ಲಿ
ನನ್ನ ಕೆಲಸ ಒಂದೇ: ಆರಿದ ಎರಕದ ಮೈ ತಡವಿ
ತೂತು ಹುಡುಕುವುದು.
ಪಂಪಿನ ಹೊಟ್ಟೆ, ವಾಲ್ವಿನ ಕತ್ತು, ಟ್ರ್ಯಾಕ್ಟರಿನ ಬ್ರೇಕ್ ಡ್ರಮ್ಮು,
ಗಾಳಿ ಸಿಕ್ಕಿ ಗುಳಿ ಬಿದ್ದಿದ್ದರೆ
ಸೀಮೆಸುಣ್ಣದ ಅಡ್ಡಗೆರೆ. ರಿಜೆಕ್ಟು.
ರಿಜಿಸ್ಟರಿನಲ್ಲಿ ದಿನಾಂಕ, ಪಾಳಿ, ದೋಷ, ಕಾರಣ, ಷರಾ.
ಷರಾ ಖಾಲಿ ಬಿಟ್ಟರೂ ನಡೆದೀತು,
ಕಾರಣ ಬಿಡುವಂತಿಲ್ಲ.
ಮರಳು ಹಸಿ, ಅಂತ ಬರೆಯಬೇಕು, ಇಲ್ಲವೆ ಲೋಹ ತಣ್ಣಗಿತ್ತು,
ಇಲ್ಲವೆ ರಾತ್ರಿ ಪಾಳಿಯಲ್ಲಿ ಯಲ್ಲೋಜಿ ತೂಕಡಿಸಿದ
(ಇದನ್ನು ಮಾತ್ರ ಎಂದೂ ಬರೆಯಲಿಲ್ಲ;
ಅವನ ಪಾಳಿಗೆಲ್ಲ ಮರಳು ಹಸಿ).

ದುರ್ಬೀನಿನಲ್ಲಿ ಮೊದಲ ಸಲ ಚಂದ್ರನ ಕಂಡಾಗ
ನಕ್ಕುಬಿಟ್ಟೆ.
ಇಷ್ಟು ಗುಳಿಯ ಮಾಲನ್ನು
ಯಾವ ಗಿರಾಕಿ ಒಪ್ಪಿಕೊಂಡ?

ಕನ್ನಡಿ ನಾನೇ ತಿಕ್ಕಿದ್ದು, ಆರಿಂಚು,
ಕ್ಯಾಂಟೀನಿನ ಹಿಂದೆ ಮೂರು ಮಳೆಗಾಲ.
ಅಡಿಗೆ ಒಂದು ಬಿರುಕು ಬಿಟ್ಟ ಫ್ಲೈವೀಲು,
ಅಡ್ಡಗೆರೆ ಇನ್ನೂ ಅಳಿಸಿಲ್ಲ.

ಆವತ್ತು ಪಂಚಮಿ. ಚಂಪಾ ಕೆಳಗೆ ರೊಟ್ಟಿ ಬಡಿಯುತ್ತಿದ್ದಳು.
ಬೆಳಗಿದ ಹೋಳನ್ನು ಬಿಟ್ಟು ನಾನು
ಬೆಳಗದ ಭಾಗವನ್ನೇ ನೋಡುತ್ತಿದ್ದೆ,
ನಮ್ಮ ನೆಲದ ಬೆಳಕೇ ಅಲ್ಲಿಗೆ ಹೋಗಿ ಬಡಿದು
ಬೂದಿಯಾಗಿ ಮರಳಿದಂತಿರುವ ಆ ಭಾಗ.

ಆಗ, ಅಂಚಿನಿಂದ ಹೊರಗೆ,
ಒಂದು ಜೋಳದ ಕಾಳಿನಷ್ಟು ಆಚೆ,
ಚಕ್ಕನೆ.

ಮತ್ತೆ ಏನೂ ಇಲ್ಲ.
ರೊಟ್ಟಿಯ ಸದ್ದು ನಿಂತಿರಲಿಲ್ಲ.

ಕಿಡಿ ನನಗೆ ಹೊಸದೇ?
ಬೀಡು ಗ್ರೈಂಡರಿಗೆ ಹತ್ತಿದರೆ ಕೆಂಪು, ಗಿಡ್ಡ;
ಉಕ್ಕಾದರೆ ಬಾಲ ಉದ್ದ, ತುದಿಗೆ ಕವಲು.
ಕಣ್ಣು ಕಿರಿದು ಮಾಡಿ ದೂರದಿಂದಲೇ ಲೋಹ ಹೇಳುವವ.
ಇದಕ್ಕೆ ಬಾಲವಿಲ್ಲ. ಕವಲಿಲ್ಲ.
ಬಂದ ದಾರಿಯಿಲ್ಲ, ಹೋದ ದಾರಿಯಿಲ್ಲ.
ಬಿಳುಪು, ಅಷ್ಟೇ.

ಗೋಡೆ ಗಡಿಯಾರ ಎಂಟು ನಲವತ್ತೇಳು.
ಮೂರು ನಿಮಿಷ ಮುಂದಿದೆ ಅದು, ಮಗಳ ಶಾಲೆ ಬಸ್ಸಿಗೆಂದು ಇಟ್ಟದ್ದು;
ಅವಳೀಗ ಎರಡು ಮಕ್ಕಳ ತಾಯಿ.
ಕಳೆದು ಬರೆದೆ: ೮.೪೪.

‘ಸಾಂಬ್ರಾದ ವಿಮಾನ ಇರಬೇಕ್ರೀ,’ ಅಂದ ಯಲ್ಲೋಜಿ.
ವಿಮಾನ ಸರಿಯುತ್ತದಲ್ಲೋ.
‘ಹಂಗಾದ್ರ ನಿಮ್ಮ ಕಣ್ಣ.’
ಕಣ್ಣಿನ ಡಾಕ್ಟರು ಹನಿ ಬಿಟ್ಟು, ಬೆಳಕು ಹಾಯಿಸಿ ನೋಡಿ
ಮೆಲ್ಲಗೆ ಹೇಳಿದರು: ‘ಎಲ್ಲ ಸರಿ ಇದೆ.
ಆದರೂ ನರ ಒಮ್ಮೊಮ್ಮೆ ತಾನೇ ಮಿಂಚುತ್ತದೆ.’
ಸರಿ ಇದ್ದದ್ದಕ್ಕೂ ಒಂದು ಆದರೂ.

ಗೋಕಾಕದ ಪಾಯಗೊಂಡನಿಗೆ ಫೋನು ಮಾಡಿದೆ.
ಅವತ್ತು ಅವನು ಓಣಿಯ ಹುಡುಗರಿಗೆ ಚಂದ್ರನ ತೋರಿಸುತ್ತಿದ್ದನಂತೆ,
ಸ್ಟೂಲು ಹತ್ತಿಸಿ, ಒಬ್ಬೊಬ್ಬರಿಗೆ ಹತ್ತು ಎಣಿಸಿ.
ಸುಗಲಾ ಎಂಬ ಹುಡುಗಿ ಒಬ್ಬಳು
‘ಯಾರೋ ಕಡ್ಡಿ ಗೀರಿದ್ರು’ ಅಂದಳಂತೆ.
‘ನಾ ಏನ್ ಮಾಡ್ಲಿ? ಹತ್ತು ಆಗಿತ್ತು. ಇಳಿ ಅಂದೆ.’
ವೇಳೆ?
‘ಯಾರು ನೋಡ್ಯಾರ!’

ಮುಂದಿನ ರವಿವಾರ ಬಸ್ಸು ಹಿಡಿದು ಹೋದೆ.
ಹುಡುಗಿ ಪಾಟಿಯ ಮೇಲೆ ಚಂದ್ರನ ಬರೆದು
ಪಕ್ಕದಲ್ಲೊಂದು ಚುಕ್ಕೆ ಒತ್ತಿದಳು, ಬಳಪ ಮುರಿಯುವಷ್ಟು.
ಅವನದು ಎಡಬಲ ಅದಲುಬದಲು ತೋರುವ ದುರ್ಬೀನು,
ನನ್ನದು ತಲೆಕೆಳಗು.
ಪಾಟಿ ತಿರುಗಿಸಿದೆ, ಅವರ ಕಪಾಟಿನ ಕನ್ನಡಿಗೆ ಹಿಡಿದೆ,
ಮತ್ತೆ ತಿರುಗಿಸಿದೆ. ಹುಡುಗಿಯ ಅವ್ವ ಬಾಗಿಲಲ್ಲಿ ನಿಂತು
ಇದ್ಯಾವ ಮಂತ್ರವೋ ಎಂಬಂತೆ ನೋಡುತ್ತಿದ್ದಳು.
ಕತ್ತಲ ಕಡೆಗೇ ಬಿತ್ತು ಚುಕ್ಕೆ.
ಆದರೆ ಅಂಚಿನ ಒಳಗೆ,
ಜೋಳದ ಕಾಳಿನಷ್ಟು.
ಎಳೆಯ ಕೈಯ ತಪ್ಪೋ,
ಬೆಳಗಾವಿಗೂ ಗೋಕಾಕಕ್ಕೂ ನಡುವಿನ ದೂರವೋ.

‘ಅಜ್ಜಾ, ಅದು ಏನು?’ ಕೇಳಿದಳು.
ನಾನೂ ಅದನ್ನೇ ಕೇಳಲು ಬಂದವ.

ರಾತ್ರಿ ರಿಜಿಸ್ಟರು ತೆಗೆದೆ. ದಿನಾಂಕ. ವೇಳೆ.
ಕಾರಣದ ಮನೆಗೆ ಬಂದಾಗ ಪೆನ್ನು, ರೂಢಿಯ ಬಲ,
‘ಮರ’ ಎಂದು ಬರೆದೇಬಿಟ್ಟಿತ್ತು.
ಹೊಡೆದುಹಾಕಿದೆ.

ಷರಾ:
ಸುಗಲಾ, ಗೋಕಾಕ, ಎರಡನೇ ಇಯತ್ತೆ.
ಕಡ್ಡಿ ಗೀರಿದ್ರು ಅಂದಳು.
ಸ್ಟೂಲಿನಿಂದ ಇಳಿಸಿದರು.